ಬಟ್ಟಲು ಹಿಡಿಯುವ ಕೈ

ಮೊದಲಿಗೇ ಹೇಳಿಬಿಡುತ್ತೇನೆ. ನನ್ನ ನರಗಳು ಒಂದೊಂದಾಗಿ ಕೈಕೊಡುತ್ತಿದ್ದಾಗ ನಾನು ಅಂಗಾಲಿಗೆ ಹುಳಿಮಜ್ಜಿಗೆ ಹಚ್ಚಿಕೊಂಡು, ಗೋಡೆಗೆ ಒರಗಿ, ಹಾಡು ಗುನುಗುತ್ತ ಕುಳಿತಿದ್ದೆ.

ತಪ್ಪು ನನ್ನದೇ. ಅರ್ಧ ಪಾಲು ಮಾತ್ರ ಬ್ಯಾಡಗಿ ಊರಿಗೂ ಸೇರಬೇಕು. ಅಲ್ಲಿಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ತೂಕ ಬರೆದುಕೊಳ್ಳುವುದು ನನ್ನ ಕೆಲಸ. ಸೀಸನ್ನಿನಲ್ಲಿ ಆ ಊರಲ್ಲಿ ಉರಿ ಅನ್ನುವುದು ಕಾಯಿಲೆಯಲ್ಲ, ಹವಾಮಾನ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕೈ ಉರಿದರೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ, ಮಜ್ಜಿಗೆಯಲ್ಲಿ ಅದ್ದಿಕೊಳ್ಳುತ್ತಾರೆ, ಮತ್ತೆ ರಾಶಿಯ ಮುಂದೆ ಕೂರುತ್ತಾರೆ. ಹಾಗಾಗಿ ಒಂದು ಸಂಜೆ ನನ್ನ ಪಾದಗಳು ಜುಮುಜುಮು ಎಂದು ಉರಿಯತೊಡಗಿದಾಗ ಚಪ್ಪಲಿಯಲ್ಲಿ ಕಾಯಿಬೀಜ ಸೇರಿರಬೇಕು ಎಂದುಕೊಂಡೆ. ಸಾಹುಕಾರರು ಕಣ್ಣು ಎತ್ತಿಯೂ ನೋಡದೆ ಹೇಳಿದರು: "ಹುಳಿ ಮಜ್ಜಿಗಿ ಹಚ್ಚಲೇ. ಮುಂಜಾನಿಗೆ ಹೋಗ್ತೈತಿ."

ಮುಂಜಾನೆ ಉರಿ ಮೊಣಕಾಲಿಗೆ ಏರಿತ್ತು. ನಾನು ಇನ್ನಷ್ಟು ಮಜ್ಜಿಗೆ ತಂದೆ.

ನನ್ನ ಹೆಸರು ಪ್ರಸನ್ನ. ಮನೆ ರಾಣೇಬೆನ್ನೂರು, ಬ್ಯಾಡಗಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಮನೆಯಲ್ಲಿ ನಾನು ಮತ್ತು ಅವ್ವ. ನಮ್ಮದು ಸಣ್ಣ ಕ್ರೈಸ್ತ ಸಭೆ, ಹಂಚಿನ ದೇವಾಲಯ, ನೂರು ಜನ ಕೂತರೆ ಉಸಿರುಕಟ್ಟುತ್ತದೆ. ಆ ನೂರು ಜನರಲ್ಲಿ ನಾನು ಅಣಕಿಸದವರು ಯಾರೂ ಇಲ್ಲ. ಪಾಸ್ಟರ್ ಪ್ರಾರ್ಥನೆಗೆ ಮುಂಚೆ ಗಂಟಲು ಸರಿಪಡಿಸಿಕೊಳ್ಳುವುದು, ಸಭೆಯ ಹಿರಿಯರಾದ ದಾನಪ್ಪ ಕಾಕಾ ಉಪದೇಶದ ನಡುವೆ ನಿದ್ದೆ ಹೋಗಿ "ಆಮೆನ್" ಎಂದು ಎಚ್ಚರವಾಗುವುದು, ಎಲ್ಲ ನನ್ನ ಬಂಡವಾಳ. ಸುಗ್ಗಿ ಹಬ್ಬದಲ್ಲಿ ಜನ ಕಾಣಿಕೆಯಾಗಿ ತಂದ ಕುಂಬಳಕಾಯಿ, ಕೋಳಿ, ಜೋಳದ ತೆನೆಗಳ ಹರಾಜಿನ ಸವಾಲು ಕೂಗುವವನೂ ನಾನೇ, ಒಂದೊಂದು ವಸ್ತುವಿಗೆ ಒಬ್ಬೊಬ್ಬರ ದನಿಯಲ್ಲಿ.

ಇಂಥ ನನಗೆ ಪಾಸ್ಟರ್ ಆಗಬೇಕು ಅನ್ನಿಸಿತ್ತು. ಖರೇ. ಹಿರಿಯರ ಕಮಿಟಿಯ ಮುಂದೆ ನಿಂತು, "ನಾ ದೇವರ ಸೇವಾಕ್ಕ ಹೋಗಬೇಕಂತ ಮಾಡೇನ್ರಿ" ಎಂದಾಗ ಎಲ್ಲರೂ ನಕ್ಕರು. ದಾನಪ್ಪ ಕಾಕಾ ಕಣ್ಣೊರೆಸಿಕೊಂಡು, "ಬಾಳ ಚಲೋ ಮಾಡೀ, ಆದರ ಇದು ಯಾರ ದನಿಯೋ?" ಎಂದರು. ನನ್ನದೇ ಎಂದು ಒಪ್ಪಿಸಲು ಹೊತ್ತು ಹಿಡಿಯಿತು. ಕಮಿಟಿ ಹೌದು ಅನ್ನದೆ ದೇವಜ್ಞಾನ ಕಾಲೇಜು ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಬೇಸಿಗೆ ಕಳೆಯುವುದರೊಳಗೆ ಹೇಳುತ್ತೇವೆ ಎಂದಿದ್ದರು. ಅಷ್ಟರಲ್ಲಿ ಕಾಲು ಉರಿಯಿತು.

ಆ ಶನಿವಾರ ಸಂಜೆ ದೇವಾಲಯದಲ್ಲಿ ಹಾಡಿನ ಪ್ರಾಕ್ಟೀಸು. ವೇದಿಕೆಯ ಮೆಟ್ಟಿಲು ಹತ್ತಲು ಎಡಗಾಲು ಎತ್ತಿದೆ. ಕಾಲು ಬರಲಿಲ್ಲ. ಬಲಗಾಲನ್ನು ನೆಚ್ಚಿಕೊಂಡೆ. ಅದೂ ಬರಲಿಲ್ಲ. ಹಾಡಿನ ಪುಸ್ತಕಗಳ ಸಮೇತ ಮುಖ ಅಡಿಯಾಗಿ ಬಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು.

ಅವರದೇನು ತಪ್ಪು? ನಾನು ಬೀಳುವುದರಲ್ಲಿ ಎತ್ತಿದ ಕೈ. ಒಬ್ಬರು "ಒನ್ಸ್ ಮೋರ್" ಎಂದೂ ಕೂಗಿದರು. ಆಗ ಹಿಂದಿನ ಬೆಂಚಿನಿಂದ ಸುಶೀಲಾ ಟೀಚರ್ ಊರುಗೋಲನ್ನು ನೆಲಕ್ಕೆ ಬಡಿದರು. "ಚಪ್ಪಾಳಿ ನಿಲ್ಲಸ್ರಿ! ಬೀಳೂದು ಅಂದ್ರೇನಂತ ನನಗ ಗೊತ್ತೈತಿ. ಇದು ಆಟ ಅಲ್ಲ."

ಟೀಚರ್‌ಗೆ ಕೂಸಿದ್ದಾಗಲೇ ಪೋಲಿಯೋ ಆಗಿತ್ತು. ಎಡಗಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಲ್ಲಿ ಊರುಗೋಲು. ನಮ್ಮೂರಿನ ಅರ್ಧ ಜನಕ್ಕೆ ಕನ್ನಡ ಕಲಿಸಿ ನಿವೃತ್ತರಾದವರು. ಅವರ ನಡಿಗೆಯನ್ನೂ ನಾನು ಸಣ್ಣವನಿದ್ದಾಗ ಅವರ ಮುಂದೆಯೇ ಮಾಡಿ ತೋರಿಸಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಬಲಗಾಲು ಎಳ್ಯಾಕತ್ತೀಯಲ್ಲೋ ದಡ್ಡಾ, ನಂದು ಎಡಗಾಲು" ಎಂದು ತಿದ್ದಿ, ಮತ್ತೊಮ್ಮೆ ಮಾಡಿಸಿದ್ದರು.

ದಾನಪ್ಪ ಕಾಕಾ ನನ್ನನ್ನು ಜೋಳದ ಚೀಲದಂತೆ ಹೆಗಲಿಗೆ ಹಾಕಿಕೊಂಡು ತಮ್ಮ ಗಾಡಿಯಲ್ಲಿ ಮಲಗಿಸಿ, ಅವ್ವನನ್ನೂ ಹತ್ತಿಸಿಕೊಂಡರು. ಹಾವೇರಿ ಆಸ್ಪತ್ರೆ ಮುಟ್ಟುವವರೆಗೂ, "ಲಗೂ ಹೋಗೂಣು, ಲಗೂ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಗಾಡಿ ಓಡಿಸುತ್ತಿದ್ದವರೂ ಅವರೇ.

ಹಾವೇರಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಬಡಿದರು. ಕಾಲು ಚಿಮ್ಮಬೇಕು. ಸುಮ್ಮನಿತ್ತು. ಮತ್ತೊಂದು. ಅದೂ ಸುಮ್ಮನಿತ್ತು. ನಾನು ಮನಸ್ಸಿನಲ್ಲೇ ಕಾಲಿಗೆ, ಏ, ಮರ್ಯಾದಿ ತೆಗೀಬ್ಯಾಡ, ಒಂದು ಸಲ ಒದಿ ಎಂದೆ. ಹುಟ್ಟಿದಾಗಿನಿಂದ ಜೊತೆಗಿದ್ದ ಕಾಲು ಪರಿಚಯವೇ ಇಲ್ಲದವರಂತೆ ಬಿದ್ದಿತ್ತು.

"ಇತ್ತಿತ್ಲಾಗ ಹೊಟ್ಟಿ ಕೆಟ್ಟಿತ್ತೇನ್ರಿ?" ಎಂದು ಕೇಳಿದರು.

ಕೆಟ್ಟಿತ್ತು. ಹಲಗೇರಿಯಲ್ಲಿ ಗೆಳೆಯನ ಮದುವೆ ಊಟ. ಎಲ್ಲರೂ ತಿಂದಿದ್ದರು, ನಾನು ಎಲ್ಲರಿಗಿಂತ ಹೆಚ್ಚು ತಿಂದಿದ್ದೆ.

ಡಾಕ್ಟರಮ್ಮ ಹೊರಗೆ ಹೋಗಿ ಅವ್ವನ ಜೊತೆ ಮೆಲ್ಲಗೆ ಮಾತಾಡಿದರು. ಆಂಬುಲೆನ್ಸ್ ಬಂತು. ಹುಬ್ಬಳ್ಳಿ. ಐಸಿಯು.

ರೋಗದ ಹೆಸರು ಗಿಲಾನ್ ಬಾರೆ ಸಿಂಡ್ರೋಮ್. ಅವ್ವ ಅದನ್ನು ಇವತ್ತಿಗೂ "ಗುಲಾಂಬರಿ" ಅನ್ನುತ್ತಾಳೆ, ಯಾರೋ ದೂರದ ಸಂಬಂಧಿ ಹೆಂಗಸಿನ ಹೆಸರು ಹೇಳುವಂತೆ. ಹುಬ್ಬಳ್ಳಿಯ ಹಿರಿಯ ಡಾಕ್ಟರು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ವಿವರಿಸಿದರು. "ನೋಡವಾ, ಹೊಟ್ಟ್ಯಾಗ ಸೇರಿದ ಕ್ರಿಮಿ ಐತಲ್ಲ, ಅದರ ಮೈಮ್ಯಾಲಿನ ಗುರುತು ನಮ್ಮ ನರದ ಗುರುತಿನಂಗ ಇರ್ತೈತಿ. ಮೈ ಮೊದಲ ಕ್ರಿಮೀನ ಹೊಡೀತು. ಆಮ್ಯಾಲ ನರ ಕಾಣಿಸ್ತು. ಇದೂ ಅಂವನ ಅಂತ ತಿಳಕೊಂಡು ಈಗ ನರಾನೂ ಹೊಡ್ಯಾಕತ್ತೈತಿ. ಕ್ರಿಮಿ ನರದ ಸೋಗು ಹಾಕಿದ್ದಕ್ಕ ಇಷ್ಟೆಲ್ಲಾ. ಇದಕ್ಕ ನಮ್ಮಲ್ಲಿ ಮಿಮಿಕ್ರಿ ಅಂತ ಕರೀತಾರ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ಮಗನ ಧಂಧೇನೂ ಅದ ಐತ್ರಿ ಸಾಹೇಬ್ರ" ಎಂದಳು.

ಡಾಕ್ಟರು ನಕ್ಕುಬಿಟ್ಟರು. ನಾನು ನಗಲು ಹೋದೆ, ಮುಖ ಏಳಲಿಲ್ಲ. ರೋಗ ಅಲ್ಲಿಗೂ ಬಂದಿತ್ತು. ಆದರೆ ಒಳಗೆ ನಾನು ಬೆರಗಾಗಿ ಮಲಗಿದ್ದೆ. ಊರನ್ನೆಲ್ಲ ಅಣಕಿಸಿದವನ ನರವನ್ನು ಕಣ್ಣಿಗೆ ಕಾಣದ ಒಂದು ಜೀವಿ ಅಣಕಿಸಿದೆ, ಅದೂ ಎಷ್ಟು ನಾಜೂಕಾಗಿ ಎಂದರೆ ನನ್ನ ಮೈಯೇ ಮೋಸಹೋಗಿದೆ. ನನ್ನ ಅಣಕಿಗೆ ಇವತ್ತಿನವರೆಗೆ ಯಾರೂ ಹಾಗೆ ಮೋಸಹೋಗಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೂ ಸುಳ್ಳಲ್ಲ.

ಐಸಿಯುನಲ್ಲಿ ಒಂದು ಪರೀಕ್ಷೆಯಿತ್ತು. ಆಳವಾಗಿ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀಯ ಎಂದು ನೋಡುತ್ತಾರೆ. ಎದೆಯ ಸ್ನಾಯುಗಳಿಗೂ ರೋಗ ಏರಿದೆಯೇ ಎಂದು ತಿಳಿಯುವ ಉಪಾಯ. ಮೊದಲ ಸಲ ನಾನು ಸುಗ್ಗಿ ಹಬ್ಬದ ಸವಾಲಿನ ಧಾಟಿಯಲ್ಲಿ ಎಣಿಸಿದೆ. ಮೂವತ್ತು ದಾಟಿತು, ನರ್ಸ್ ನಕ್ಕಳು. ಮರುದಿನ ಇಪ್ಪತ್ತಕ್ಕೆ ನಿಂತೆ. ಸಂಜೆ ಹದಿನೈದಕ್ಕೂ ತಿಣುಕಿದೆ. ಧಾಟಿ ಹೋಗಿತ್ತು. ದನಿ ಮೂಗಿನಲ್ಲಿ ಸಿಕ್ಕಿಹಾಕಿಕೊಂಡು ಬರುತ್ತಿತ್ತು. ಯಾರದೂ ಅಲ್ಲದ ದನಿ.

ವೆಂಟಿಲೇಟರ್ ತಂದು ಮಂಚದ ಪಕ್ಕಕ್ಕೆ ನಿಲ್ಲಿಸಿದರು.

ಅದನ್ನು ನನಗೆ ಹಚ್ಚಲಿಲ್ಲ. ಎಣಿಕೆ ಹದಿನೈದರ ಹತ್ತಿರವೇ ತಡೆದು ನಿಂತಿತು, ಇನ್ನೂ ಕೆಳಗಿಳಿಯಲಿಲ್ಲ. ಪಕ್ಕದ ಬೆಡ್ಡಿನ ಹುಡುಗನಿಗೆ ಹಚ್ಚಿದರು. ಅವನ ತಾಯಿಯೂ ಪರದೆಯ ಆಚೆ ಬೇಡಿಕೊಳ್ಳುತ್ತಿದ್ದಳು, ತನ್ನ ದೇವರಿಗೆ, ನನ್ನ ಅವ್ವನಷ್ಟೇ ಗಟ್ಟಿಯಾಗಿ. ನಾನು ಮುಂದೆ ಎಂದಾದರೂ ಪೀಠದ ಮೇಲೆ ನಿಂತು ಮಾತಾಡಿದರೆ, ಪ್ರಾರ್ಥನೆಯಿಂದ ಉಳಿದೆ ಎಂದು ಆ ತಾಯಿ ಕೇಳಿಸಿಕೊಳ್ಳುವಂತೆ ಹೇಳಲಾರೆ. ಉಳಿದೆ ಎಂದಷ್ಟೇ ಹೇಳಬಲ್ಲೆ.

ಆಮೇಲೆ ಬಾಟಲಿಗಳು ಬಂದವು. ಇಮ್ಯುನೋಗ್ಲೋಬ್ಯುಲಿನ್. ಒಂದೊಂದೇ ಹನಿ, ದಿನವಿಡೀ. ಇದು ಎಲ್ಲಿಂದ ಬರುತ್ತದೆ ಎಂದು ನರ್ಸನ್ನು ಕೇಳಿದೆ. ಸಾವಿರಾರು ಜನ ಕೊಟ್ಟ ರಕ್ತವನ್ನು ಕೂಡಿಸಿ, ಅದರಿಂದ ತೆಗೆಯುತ್ತಾರೆ ಎಂದಳು. ಆ ಹನಿಗಳನ್ನೇ ನೋಡುತ್ತ ಮಲಗಿದೆ. ರೆಪ್ಪೆ ಮುಚ್ಚುತ್ತಿರಲಿಲ್ಲ, ನೋಡದೆ ಬೇರೆ ದಾರಿಯೂ ಇರಲಿಲ್ಲ. ಹೆಸರು ಗೊತ್ತಿಲ್ಲದ ಯಾವ ಯಾವ ಊರಿನವರು, ಯಾವ ಯಾವ ಜಾತಿಯವರು, ಬೀಡಿ ಸೇದುವವರು, ಉಪವಾಸ ಮಾಡುವವರು, ಎಲ್ಲರೂ ಒಂದು ಬಾಟಲಿಯಲ್ಲಿ ಬೆರೆತು ನನ್ನ ಕೈಯೊಳಗೆ ಇಳಿಯುತ್ತಿದ್ದರು. ನಾವು ಅನೇಕರಾದರೂ ಒಂದೇ ದೇಹ ಎಂದು ಸಂಡೇಸ್ಕೂಲಿನಲ್ಲಿ ಮಕ್ಕಳಿಗೆ ಬೊಬ್ಬೆ ಹೊಡೆದು ಹೇಳಿಕೊಟ್ಟಿದ್ದೆ. ಅದರ ಅರ್ಥ ಹೀಗೆ ಸೂಜಿಯ ಮೂಲಕ ಒಳಗೆ ಬರುತ್ತದೆ ಎಂದು ಗೊತ್ತಿರಲಿಲ್ಲ.

ವಾರ್ಡಿಗೆ ಬಂದ ಮೇಲೆ ನೋಡಲು ಬರುವವರು ಶುರುವಾದರು. ಸಂಬಂಧಿಯೊಬ್ಬರು ಕಿತ್ತಳೆ ಹಣ್ಣು ಸುಲಿಯುತ್ತ, ನಾನು ಕೇಳಿಸಿಕೊಳ್ಳುವುದಿಲ್ಲ ಎಂಬಂತೆ ಅವ್ವನಿಗೆ ಹೇಳಿದರು: "ಕುಂಟರನ್ನ, ಹಿರ್ಯಾರನ್ನ ಅಣಕಿಸಬಾರದವ್ವ. ದೇವರು ಸುಮ್ನ ಇರೂದಿಲ್ಲ." ಅವ್ವ ಕೈಯಲ್ಲಿದ್ದ ಲೋಟವನ್ನು ಒರೆಸಿದ್ದೇ ಒರೆಸಿದ್ದು. ಆ ಮಾತು ನನ್ನೊಳಗೂ ಆಗಲೇ ಓಡಾಡುತ್ತಿತ್ತು. ಸೇವೆಗೆ ಬರುತ್ತೇನೆ ಎಂದವನನ್ನು ದೇವರು ಹೀಗೆ ಮೆಟ್ಟಿಲಲ್ಲೇ ತಡೆದರೆ ಏನೆಂದು ತಿಳಿಯಬೇಕು?

ಸುಶೀಲಾ ಟೀಚರ್ ಕಿಟಕಿಯ ಹತ್ತಿರ ಕುಳಿತಿದ್ದರು. ಊರುಗೋಲು, ಕಬ್ಬಿಣದ ಪಟ್ಟಿ ಎಲ್ಲ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದರು.

"ನನಗ ಪೋಲಿಯೋ ಬಂದಾಗ ನಾ ತೊಟ್ಟಿಲದಾಗಿದ್ದೆ" ಎಂದರು. "ನಾ ಯಾರನ್ನ ಅಣಕಿಸಿದ್ನಿ, ನೀವ ಹೇಳ್ರಿ? ಮಾತ ಬರ್ತಿದ್ದಿಲ್ಲ ನನಗ."

ಸಂಬಂಧಿ ಹಣ್ಣಿನ ತೊಳೆ ಬಾಯಿಗೆ ಹಾಕಿಕೊಂಡರು. ಅವ್ವ ಲೋಟ ಕೆಳಗಿಟ್ಟಳು. ನನ್ನ ಎದೆಯಿಂದ ಚೀಲವೊಂದು ಇಳಿದಂತಾಯಿತು.

ಮುಖ ಮಾತ್ರ ಎದ್ದಿರಲಿಲ್ಲ. ಎರಡೂ ಕೆನ್ನೆ ಒಣಗಲು ಹಾಕಿದ ಬಟ್ಟೆಯಂತೆ ಜೋತು ಬಿದ್ದಿದ್ದವು. ದಾನಪ್ಪ ಕಾಕಾ ಆಸ್ಪತ್ರೆ ಬಿಟ್ಟು ಹೋಗಿರಲೇ ಇಲ್ಲ; ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಒಂದು ದಿನ ಬಂದು ಮಂಚದ ಮುಂದೆ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ, ಕೊರಳು ಉದ್ದ ಮಾಡಿ, ಕೈ ಬೀಸಿ ಏನೋ ಕುಣಿದರು.

"ಯಾರು ಹೇಳು?" ಎಂದರು.

ನನಗೆ ತಿಳಿಯಲಿಲ್ಲ. ಕೊಕ್ಕರೆಯೋ, ಸಿಟ್ಟಾದ ಟ್ರಾಫಿಕ್ ಪೊಲೀಸೋ.

"ನೀನ ಅಲೇನಲೇ! ಸವಾಲ್ ಕೂಗೂ ಪ್ರಸನ್ನ!"

ಅಷ್ಟು ಕೆಟ್ಟ ಅಣಕನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ನಗು ಹೊಟ್ಟೆಯಲ್ಲಿ ಎದ್ದು, ಎದೆಗೆ ಬಂದು, ಮುಖದಲ್ಲಿ ದಾರಿ ಸಿಗದೆ ಕಣ್ಣಿನಿಂದ ಇಳಿಯಿತು. ಕಾಕಾ ಗಾಬರಿಯಾಗಿ, "ಅಳಬ್ಯಾಡೋ ತಮ್ಮಾ, ಅಳಬ್ಯಾಡ, ಇನ್ನ ಮಾಡೂದಿಲ್ಲ" ಎಂದು ತಮ್ಮ ಟವೆಲ್ಲಿನಿಂದ ನನ್ನ ಕಣ್ಣು ಒರೆಸಿದರು. ನಗುತ್ತಿದ್ದೇನೆ ಎಂದು ಅವರಿಗೆ ಹೇಳಲೂ ಆಗಲಿಲ್ಲ.

ಬಲಗಾಲಿನ ಹೆಬ್ಬೆರಳು ಮೊದಲು ಎದ್ದಿತು. ಅವ್ವ ಕಾಲಿಗೆ ಹೊದಿಕೆ ಸರಿಮಾಡುವಾಗ ಕಂಡದ್ದು. ಅವಳು ಕಿರುಚಿದ ರೀತಿಗೆ ನರ್ಸ್ ಓಡಿಬಂದಳು. ಅಡಕೆಯಷ್ಟು ದಪ್ಪದ ಒಂದು ಬೆರಳು ಗೋಧಿಕಾಳಿನಷ್ಟು ಅಲುಗಿದ್ದನ್ನು ನೋಡಲು ಇಡೀ ವಾರ್ಡ್ ನನ್ನ ಕಾಲಬುಡದಲ್ಲಿ ಸೇರಿತು. ಅಷ್ಟು ದೊಡ್ಡ ಪ್ರೇಕ್ಷಕವರ್ಗ ಅಷ್ಟು ಸಣ್ಣ ಆಟಕ್ಕೆ ನನಗೆಂದೂ ಸಿಕ್ಕಿರಲಿಲ್ಲ. ನಾನೂ ನೋಡಿದೆ, ಬೆಪ್ಪಾಗಿ. ಅದನ್ನು ಅಲುಗಿಸಿದವನು ನಾನೇ ಎಂದು ನಂಬಿಕೆ ಬರಲಿಲ್ಲ.

ನರಕ್ಕೆ ಅವಸರವಿಲ್ಲ, ಹೊಸ ಕವಚ ಹಾಕಿಕೊಳ್ಳಲು ತಿಂಗಳುಗಳು ಬೇಕು ಎಂದರು ಡಾಕ್ಟರು. ಫಿಸಿಯೋಥೆರಪಿ. ವೀಲ್‌ಚೇರ್, ಆಮೇಲೆ ವಾಕರ್. ಕೆನ್ನೆ ಎದ್ದವು. ದನಿ ಮರಳಿತು. ಎಡಗಾಲಿನ ಪಾದ ಇನ್ನೂ ಕೆಳಗೆ ಜಗ್ಗುತ್ತದೆ, ಅದಕ್ಕೆ ಪ್ಲಾಸ್ಟಿಕ್ಕಿನ ಪಟ್ಟಿ. ಕೈಗಳು ನಡುಗುತ್ತವೆ. ತುಂಬಿದ ಲೋಟ ಕೊಟ್ಟರೆ ಕಾಲುಭಾಗ ಅಂಗಿಗೆ ಹೋಗುತ್ತದೆ. ಇದು ಉಳಿಯಬಹುದು, ಹೋಗಲೂಬಹುದು. ಡಾಕ್ಟರು ಮಾತು ಕೊಟ್ಟಿಲ್ಲ.

ಮನೆಗೆ ಬಂದ ಮೇಲೆ ಮೊದಲ ಪ್ರಭುಭೋಜನದ ಭಾನುವಾರ. ನಮ್ಮಲ್ಲಿ ಎಲ್ಲರೂ ಮುಂದೆ ಹೋಗಿ, ವೇದಿಕೆಯ ಕಟಕಟೆಯ ಮುಂದೆ ಮೊಣಕಾಲೂರಿ ಪಾಸ್ಟರ ಕೈಯಿಂದ ರೊಟ್ಟಿ, ಬಟ್ಟಲಿನ ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಮೊಣಕಾಲೂರಲಾಗದವರು ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ಎಲ್ಲರದೂ ಮುಗಿದ ಮೇಲೆ ಪಾಸ್ಟರ್ ಅಲ್ಲಿಗೆ ಬರುತ್ತಾರೆ. ಆ ಬೆಂಚು ಸುಶೀಲಾ ಟೀಚರ್‌ದು. ನಾನು ವಾಕರ್ ಸರಿಸಿಕೊಂಡು ಅವರ ಪಕ್ಕದಲ್ಲಿ ಕುಳಿತೆ.

"ಬಾರಪಾ" ಎಂದರು. "ಇಲ್ಲಿಂದ ಏನೇನ ಕಾಣತೈತಿ ನೋಡು."

ಜನ ಮೊಣಕಾಲೂರಿದರು. ಚಪ್ಪಲಿ ಹೊರಗೆ ಬಿಟ್ಟಿರುವುದರಿಂದ ಅವರ ಅಂಗಾಲುಗಳೆಲ್ಲ ನಮ್ಮ ಕಡೆಗೆ ತಿರುಗಿದವು. ಸಾಲಾಗಿ. ಬಿರುಕು ಬಿಟ್ಟವು, ಮದರಂಗಿ ಹಚ್ಚಿದವು, ಗದ್ದೆಯ ಮಣ್ಣು ಕುಳಿತವು, ಒಂದರ ಹಿಮ್ಮಡಿಗೆ ಬ್ಯಾಂಡೇಜು. ವರ್ಷಗಟ್ಟಲೆ ಈ ಜನರ ಮುಖ, ದನಿ, ನಡಿಗೆ ಎಲ್ಲ ಕದ್ದವನು ನಾನು. ಅಂಗಾಲು ನೋಡಿರಲಿಲ್ಲ. ಮುಖದಲ್ಲಿ ಎಷ್ಟು ದೊಡ್ಡಸ್ತಿಕೆ ಇದ್ದವರಾದರೂ ಹಿಂದಿನಿಂದ ಅವರ ಪಾದಗಳು ಕೂಸಿನ ಪಾದಗಳಂತೆ ಮೇಲೆ ನೋಡುತ್ತಿದ್ದವು. ಅಣಕಿಸಲು ಅಲ್ಲಿ ಏನೂ ಇರಲಿಲ್ಲ. ನಾನು ಬಾಯಿ ತೆರೆದು ನೋಡುತ್ತಲೇ ಇದ್ದೆ. ನನ್ನೂರಿನ ದೇವಾಲಯದಲ್ಲಿ ಇಂಥದೊಂದು ನೋಟ ಇದೆಯೆಂದು ಟೀಚರ್ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಪಾಸ್ಟರ್ ಬಟ್ಟಲು ಹಿಡಿದು ನಡೆದು ಬಂದರು, ಅಷ್ಟು ದೂರ, ನಮಗಾಗಿ. ಟೀಚರ್ ಕುಡಿದರು. ನಾನು ಕೈ ಚಾಚಿದೆ. ಬಟ್ಟಲು ನನ್ನ ಬೆರಳಲ್ಲಿ ನಡುಗಿ ಪಾಸ್ಟರ ಬಿಳಿ ನಿಲುವಂಗಿಯ ಮೇಲೆ ಒಂದು ಕೆಂಪು ಹನಿ ಬಿತ್ತು. ನೂರು ಜನ ತಿರುಗಿ ನೋಡಿದರು.

ಮುಂದಿನ ವಾರ ಕಮಿಟಿ ಕೂಡಿತು. ನನ್ನ ವಿಷಯ. ನನ್ನನ್ನೂ ಒಳಗೆ ಕರೆದು ಕುರ್ಚಿ ಕೊಟ್ಟರು. ಸ್ತ್ರೀಯರ ಸಂಘದ ಪರವಾಗಿ ಸುಶೀಲಾ ಟೀಚರ್ ಕುಳಿತಿದ್ದರು. ಪಾಸ್ಟರ್ ಗಂಟಲು ಸರಿಪಡಿಸಿಕೊಂಡರು. ನನಗೆ ಅಣಕಿಸುವ ಮನಸ್ಸೂ ಬರಲಿಲ್ಲ. ಕೊನೆಗೆ ದಾನಪ್ಪ ಕಾಕಾ ಬಾಯಿ ತೆರೆದರು. ನನ್ನನ್ನು ಹೆಗಲ ಮೇಲೆ ಹೊತ್ತವರು, ನನ್ನ ಕಣ್ಣು ಒರೆಸಿದವರು. ಅವರ ದನಿಯಲ್ಲಿ ಕೇಡು ಇರಲಿಲ್ಲ, ಅದೇ ಕಷ್ಟದ್ದು.

"ಹುಡುಗ ಚಲೋ ಅದಾನ್ರಿ. ನನ್ನ ಮಗ ಇದ್ದಂಗ. ಆದರ ಪಾಸ್ಟರ್ ಆಗಾಂವ ಬಟ್ಟಲ ಹಿಡೀಬೇಕಲ್ಲ? ಮಂದಿ ಮುಂದ ಕೈ ನಡುಗಿದ್ರ, ಚೆಲ್ಲಿದ್ರ, ನಗತಾರ. ನನಗ ನೋಡಾಕ ಆಗೂದಿಲ್ಲ. ದೇವರ ಮುಂದ ನಿಲ್ಲಾವ್ರ ಮೈ ಸರಿ ಇರಬೇಕಂತ ಹಿಂದಿನಿಂದಾನೂ ಐತಿ. ಇರ್ಲಿ, ಕೈ ಸರಿ ಆದ ಮ್ಯಾಲ ನೋಡೂಣು."

ಎಲ್ಲರೂ ಮೆಲ್ಲಗೆ ತಲೆ ಆಡಿಸಿದರು. ಕೈ ಸರಿಯಾಗದಿದ್ದರೆ ಎಂದು ಯಾರೂ ಕೇಳಲಿಲ್ಲ. ನಾನು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ಕುರ್ಚಿಯೂ ನಡುಗುತ್ತಿತ್ತೋ ಏನೋ. ಕಾಕಾ ಹೇಳಿದ್ದು ನನಗೂ ಸರಿಯೆನ್ನಿಸತೊಡಗಿತ್ತು. ಬ್ಯಾಡಗಿಗೆ ಮರಳಿ ತೂಕ ಬರೆಯುತ್ತೇನೆ, ಅಕ್ಷರ ಸೊಟ್ಟ ಬಂದರೆ ಸಾಹುಕಾರರು ಬೈಯುತ್ತಾರೆ, ಅಷ್ಟೇ ತಾನೆ ಎಂದು ಮನಸ್ಸಿನಲ್ಲೇ ಗಂಟು ಕಟ್ಟುತ್ತಿದ್ದೆ.

ಈಗ ಇದನ್ನು ಬರೆಯುತ್ತಿರುವಾಗ ಅವ್ವ ಪಕ್ಕದ ಕೋಣೆಯಲ್ಲಿ ನನ್ನ ಟ್ರಂಕಿಗೆ ಅಂಗಿ ತುಂಬುತ್ತಿದ್ದಾಳೆ. ಜೂನಿಗೆ ಕಾಲೇಜು. ಕೈ ಇನ್ನೂ ನಡುಗುತ್ತದೆ, ಅಕ್ಷರಗಳು ಬ್ಯಾಡಗಿಯ ಕಾಯಿಯಂತೆ ಸುಕ್ಕುಸುಕ್ಕಾಗಿ ಬೀಳುತ್ತಿವೆ. ಪಾದ ಏಳುತ್ತದೋ ಇಲ್ಲವೋ ಗೊತ್ತಿಲ್ಲ. ಉಸಿರು ಎಳೆದುಕೊಂಡಾಗ ಅದು ಒಳಗೆ ಬರುತ್ತದಲ್ಲ, ದಿನಕ್ಕೊಮ್ಮೆಯಾದರೂ ಅದಕ್ಕೆ ಬೆರಗಾಗುತ್ತೇನೆ. ನಾಳೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿಲ್ಲ.

ಅವತ್ತು ಕಮಿಟಿಯಲ್ಲಿ ಮುಂದೆ ನಡೆದದ್ದು ಇಷ್ಟೇ. ಪಾಸ್ಟರ್ ಪ್ರಾರ್ಥನೆ ಮಾಡಿ ಮುಗಿಸೋಣ ಎಂದು ಎದ್ದರು. ಸುಶೀಲಾ ಟೀಚರ್ ಏಳಲಿಲ್ಲ. ದಾನಪ್ಪ ಕಾಕಾಗೂ ಅಕ್ಷರ ಕಲಿಸಿದವರು ಅವರೇ, ಹಾಗಾಗಿ ಕ್ಲಾಸಿನಲ್ಲಿ ಕರೆಯುವಂತೆಯೇ ಹೆಸರು ಹಿಡಿದು ಕರೆದರು. ಅವರು ಆಡಿದ್ದು ಒಂದೇ ಮಾತು. ಕಾಕಾನೇ ಮೊದಲು ಕೈ ಎತ್ತಿ "ಕಳಸೂಣ್ರಿ" ಎಂದರು. ಟೀಚರ್ ಆಡಿದ ಆ ಮಾತನ್ನು ಯಾರ ದನಿಯನ್ನೂ ಸೇರಿಸದೆ, ಇದ್ದ ಹಾಗೆಯೇ ಇಲ್ಲಿ ಇಡುತ್ತೇನೆ:

"ದಾನಪ್ಪಾ, ಶಿಲುಬಿ ಮ್ಯಾಲ ಸತ್ತು ಮೂರನೇ ದಿನ ಎದ್ದು ಬಂದಾಂವನ ಕೈಯಾಗ ಮೊಳೆ ಹೊಡದ ತೂತು ಹಂಗ ಇದ್ದವು. ಅಂವಾ ಈಗ ಈ ಬಾಗಲಾಗ ಬಂದು ನಿಂತ್ರ, ಅಂವಗೂ 'ಕೈ ಸರಿ ಆದ ಮ್ಯಾಲ ಬಾ' ಅಂತೀಯೇನು?"